ಒಂಬತ್ತು ಫೂಟು

ನನ್ನ ಟೇಪಿಗೆ ಅರವತ್ತು ಇಂಚು.
ಎದಿ, ನಡ, ತೋಳು, ಕುತ್ತಿಗಿ,
ಈ ಓಣಿಯ ಎಲ್ಲರ ಅಳತಿ ಅದಕ್ಕ ಬಾಯಿಪಾಠ.
ಓಣಿಯದ ಅಳತಿ
ಯಾರೂ ಕೇಳಿರಲಿಲ್ಲ.

ಸೋಲಾಪುರದ ವೈಶಾಖ.
ನಡು ಮಧ್ಯಾಹ್ನ ಉಮಾಕಾಂತನ ಕಾರಖಾನಿ ಹತ್ತಿತು,
ಟಾವೆಲ್ಲಿನ ನೂಲು, ಎಂಟು ಮಗ್ಗ, ಮ್ಯಾಲ ತಗಡು.
ಬಂಬ್ ಬಂತು, ಖರೇ.
ಗುಡಿ ಮೂಲಿಗೆ ಬಂದು ನಿಂತಿತು,
ಕೆಂಪಗ, ದೊಡ್ಡದಾಗಿ,
ಮದುವಿ ಮನಿ ಬಾಗಿಲಾಗ
ಯಾರೂ ಒಳಗ ಕರಿಯದ ಬೀಗನ ಹಂಗ.
ಅದರ ಪೈಪು ಹದಿಮೂರು ಮನಿ ತನಕ ಮುಟ್ಟಿತು.
ಹದಿನಾಲ್ಕನೇದು ಉಮಾಕಾಂತನದು.

ಆ ಮ್ಯಾಲ ಕೊಡ, ಬಕೀಟು, ಹಾಲಿನ ಕ್ಯಾನು.
ಅವತ್ತು ನಳ ಬರೋ ದಿನ ಅಲ್ಲ,
ಕುಡಿಯೋ ನೀರು ಸುರುವಿದಿವಿ.
ಅಟ್ಟದ ಮ್ಯಾಲ ಇರಣ್ಣ ಮಲಗಿದ್ದ.
ರಾತ್ರಿ ಪಾಳಿಯವ ಹಗಲಾಗ ಮಲಗತಾನ,
ಎಲ್ಲರಿಗೂ ಗೊತ್ತು.
ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ.
ತಾನ ಎದ್ದು ಬಂದ,
ಬೆನ್ನಿನ ತೊಗಲು ಅಲ್ಲೇ ಬಿಟ್ಟು.

ಅಂಬುಬಾಯಿಯ ಪಡಸಾಲಿಯೊಳಗ ಕೂಡಿದಿವಿ.
ಮಾತಿನ ನಡುವ ಬೀಡಿ ಎಲಿ ಕತ್ತರಿಸೋ ಸಪ್ಪಳ.
ಮೊದಲ ಜಗಳ ಇದು: ಬೆಂಕಿ ಬಿದ್ದರ ಏನಂತ ಒದರೂದು?
ಬೆಂಕಿ ಅಂತೀನಿ ನಾನು. ನಿಪ್ಪು ಅಂತಾಳ ಅಂಬುಬಾಯಿ.
ಆಗ್ ಅಂತಾರ ವಿಠಾಬಾಯಿನೂ ಖೈರುನ್ನಿಸಾನೂ,
ಶಬ್ದ ಒಂದ,
ಅದು ತಮ್ಮದ ಅಂತ ಇಬ್ಬರೂ.
ಕಡೀಕ ಮುಚ್ಚಿದ ಗಿರಣಿಯ ಹಳಿ ತುಂಡು
ಬೇವಿನ ಗಿಡಕ್ಕ ತೂಗು ಹಾಕಿದಿವಿ.
ಅದು ಎಲ್ಲರನ್ನೂ ಒಂದ ಭಾಷಾದಾಗ ಬೈತದ.

ಬಂಬಿನ ಡ್ರಾಯವರನ್ನ ಕೇಳಿದೆ: ನಿನಗೆಷ್ಟು ಬೇಕು?
“ಒಂಬತ್ತು ಫೂಟು, ಬಾಯಿ. ಕನ್ನಡಿ ಮಡಚಿದರ.”

ಟೇಪು ಎರಡ ಸರ್ತಿ ಹಾಸಿ ಹಾಸಿ ಅಳೆದೆ,
ಖೈರುನ್ನಿಸಾ ಆ ತುದಿ ಹಿಡಿದಳು.
ಚನ್ನಮಲ್ಲನ ಬಾಗಿಲಾಗ ಅವನ ಮೋಟರ್‌ಸೈಕಲ್ಲು,
ಬೈದು ತಗಿಸಿದೆ.
ವಿಠಾಬಾಯಿಯ ತುಳಸಿ ಡಬ್ಬಿ,
ಕೈಮುಗಿದು ಸರಿಸಿದೆ.
ಹತ್ತು, ಒಂಬತ್ತೂವರಿ, ಒಂಬತ್ತೂ ಕಾಲು,
ಹಿಂಗ ಬರ್ತಾ ಬರ್ತಾ
ಒಂದ ಮನಿ ಮುಂದ ಏಳೂವರಿ.
ಖೈರುನ್ನಿಸಾ ಟೇಪು ನೋಡಲಿಲ್ಲ,
ನನ್ನ ಮಾರಿ ನೋಡಿದಳು.

ಆ ಕಟ್ಟಿ ನಂದು.
ಅದರ ಮ್ಯಾಲ ನನ್ನ ಮಷೀನು.
ಬಿಸಲು ಇರೋತನಕ
ಸೂಜಿಗೆ ದಾರ ಪೋಣಿಸಲಿಕ್ಕ ಚಾಳೀಸು ಬ್ಯಾಡ.
ಅದರ ಮ್ಯಾಲ ಕೂತು ಹೆಂಗಸರು
ಬ್ಲೌಸಿನ ಬಾಕಿ ಬಿಟ್ಟು ಎಲ್ಲಾ ಮಾತಾಡ್ತಾರ.
ಮತ್ತ ಅಳೆದೆ. ಜಗ್ಗಿ ಅಳೆದೆ.
ಜಗ್ಗಿದರ ಅರಿವಿ ಬರ್ತದ,
ಓಣಿ ಬರೂದಿಲ್ಲ.

ಎರಡು ದಿನ ನಾ ಯಾರಿಗೂ ಹೇಳಲಿಲ್ಲ.
ಖೈರುನ್ನಿಸಾನೂ ಹೇಳಲಿಲ್ಲ,
ಅದಕ್ಕ ನಿದ್ದಿ ಬರಲಿಲ್ಲ.

ಮೂರನೇ ದಿನ ಇರಣ್ಣ ಅಂಗಿ ಹೊಲಿಸಲಿಕ್ಕ ಬಂದ.
“ಸಡ್ಲ ಇರಲಿ ಅಕ್ಕಾ, ಬೆನ್ನಿಗೆ ತಾಗಬಾರದು.”
ಟೇಪು ಮುಟ್ಟಿಸದ ಅಳತಿ ತಗೊಂಡೆ.
ಅವ ಹೋದ ಮ್ಯಾಲ
ಅರಿವಿಗೆ ಗುರುತು ಹಾಕೋ ಸುಣ್ಣಲೆ
ಕಟ್ಟಿ ಮ್ಯಾಲ ಗೀಟು ಎಳೆದೆ:
ಒಂದೂವರಿ ಫೂಟು,
ಹೊಲಿಗಿಗೆ ಅರ್ಧ ಇಂಚು ಬ್ಯಾರೆ.

ಒಡಿಯಲಿಕ್ಕ ಒಂದ ತಾಸು ಸಾಕಾತು.
ಒಳಗ ಬರೇ ಮಣ್ಣು, ಒಡಕ ಬಳಿ ಚೂರು,
ಯಾರೋ ಕಳಕೊಂಡ ನಾಲ್ಕಾಣೆ.

ಬಂಬ್ ತಾಲೀಮಿಗೆ ಬಂತು.
ಕನ್ನಡಿ ಮಡಚಿ, ಉಸರು ಬಿಗಿ ಹಿಡಿದು,
ನನ್ನ ಮನಿ ಮುಂದ ಹಾದು ಹೋತು.
ಎರಡು ಬೆರಳು ಉಳೀತು,
ಅಂಬುಬಾಯಿ ತನ್ನ ಬೆರಳ ಇಟ್ಟು ತೋರಿಸಿದಳು.
ಹುಡುಗರು ಸೀಟಿ ಹೊಡೆದರು.
ಆ ತುದಿಗೆ ಹೋದ ಮ್ಯಾಲ ಗೊತ್ತಾತು,
ತಿರುಗಲಿಕ್ಕ ಜಾಗ ಇಲ್ಲ.
ಅದರ ವಿಚಾರ ಯಾರೂ ಮಾಡಿರಲಿಲ್ಲ.
ಹಿಂದ ಹಿಂದಕ್ಕ ಬಂತು, ಒಂದ ತಾಸು,
ನಡುವ ಡ್ರಾಯವರಗ ಎರಡು ಸರ್ತಿ ಚಹಾ.

ಈಗ ಮಷೀನು ಒಳಗ ಬಂದದ,
ಮೂಗಿನ ಮ್ಯಾಲ ಚಾಳೀಸು ಬಂದದ.
ಹೆಂಗಸರು ನಿಂತ ಮಾತಾಡಿ ಲಗೂ ಹೋಗತಾರ.
ಮುಂಜಾನೆ ಪಾಳಿ ಬಿಟ್ಟು ಬಂದವರ ಬಾಗಿಲಿಗೆ
ಸುಣ್ಣಲೆ ಒಂದು ಸೂಜಿ ಬರೀತೀನಿ:
ಒಳಗ ಮಲಗ್ಯಾರ.
ಸಂಜಿಕ ಎದ್ದು ಅವರ ಒರಸತಾರ,
ಒಮ್ಮೊಮ್ಮೆ ಮರೀತಾರ.
ಇರಣ್ಣನ ಬಾಗಿಲಿಗೆ ಮಾತ್ರ
ಸೂಜಿ ಒಂದೀಟು ದೊಡ್ಡದಾಗತದ,
ಯಾಕೋ.