ಹಗ್ಗದ ಅಳತಿ

ಕಲಬುರಗ್ಯಾಗ ಎರಡು ದಿನ ತರಬೇತಿ ಮುಗಿಸಿ
ಶಹಾಪುರಕ್ಕ ಇಳಿದಾಗ ಕೊರಳಾಗ ಇನ್ನೂ ನೀಲಿ ದಾರ,
ಅದರ ತುದಿಗೆ ನನ್ನ ಹೆಸರು, ನನ್ನ ಹುದ್ದೆ,
ನನ್ನಂಗ ಕಾಣದ ನನ್ನ ಫೋಟೋ.
ಚೀಲದಾಗ ಅರವತ್ತನೇ ಇಸವಿಯ ಕಾಯ್ದೆ,
ಝೆರಾಕ್ಸ್ ಪ್ರತಿ, ಮೂರನೇ ಪುಟ ಓರೆ.

ಎಲ್ಲಾ ನೆನಪದ.
ಹೊಡೆಯೂದು, ಒದೆಯೂದು, ಮೀರಿ ಹೇರೂದು,
ಮೇವು ನೀರು ಕೊಡದೇ ಇಡೂದು.
ಮೊದಲ ತಪ್ಪಿಗೆ ದಂಡ
ಹತ್ತು ರೂಪಾಯಿಗೆ ಕಮ್ಮಿ ಇಲ್ಲ, ಐವತ್ತಕ್ಕ ಹೆಚ್ಚಿಲ್ಲ
ಅಂದಾಗ ಹಿಂದಿನ ಬೆಂಚಿನ ಹವಾಲ್ದಾರ್ ನಕ್ಕ.
ಮಧ್ಯಾಹ್ನದ ಊಟದ ತಾಟು ನೂರಾ ಇಪ್ಪತ್ತಂತ
ಆಗಷ್ಟೇ ಯಾರೋ ಹೇಳಿದ್ರು.

ಇನ್ನೊಂದು ಕಲಮು: ಅತಿ ಗಿಡ್ಡ ಹಗ್ಗಕ್ಕ ಕಟ್ಟಬಾರದು.
ಗಿಡ್ಡ ಅಂದ್ರ ಎಷ್ಟು ಸರ್? ನಾನೇ ಕೇಳಿದೆ.
ಅವರು ಪುಟ ತಿರುವಿದ್ರು, ಚಷ್ಮಾ ಒರೆಸಿದ್ರು,
'ವಾಜಬಿ ಅಲ್ಲದಷ್ಟು ಗಿಡ್ಡ' ಅಂದ್ರು.
ಬರಕೊಂಡೆ. ಕೆಳಗ ಗೆರಿ ಎಳೆದೆ.

ಕೊಂಡವಾಡ ಹಳೇ ಗೋದಾಮಿನ ಹಿಂದ.
ಲಾಲಪ್ಪ ಬಾಗಿಲಿಗೇ ನಿಂತಿದ್ದ, ತೊಳೆದ ಅಂಗಿ;
ಯಾರೋ ನಿನ್ನೇನೇ ಫೋನ್ ಹಚ್ಚ್ಯಾರ.
ತೊಟ್ಟಿ ತುಂಬ ನೀರು, ತಿಳಿ, ಆಕಾಶ ಕಾಣೂವಂಥದ್ದು.
ಪಟ್ಟಿಯ ನಾಕನೇ ಪ್ರಶ್ನೆ: ನೀರು ಇದೆಯೇ?
ಹೌದು ಅಂತ ಗುರುತು ಹಾಕೂದ್ರಾಗಿದ್ದೆ,
ಮೇ ತಿಂಗಳ ಹನ್ನೊಂದು ಗಂಟಿ ಬಿಸಲು,
ಏಳು ದನ, ಎರಡು ಎಮ್ಮಿ, ಒಂದು ಕರು,
ಒಂದಾದ್ರೂ ತೊಟ್ಟಿ ಕಡೆ ಹೊಳ್ಳಿ ನೋಡವಲ್ದು.
ಎಲ್ಲಾ ಗಟಾರದ ಕಡೆ ಮುಖ ಮಾಡಿ ನಿಂತಾವ,
ದಿನಾ ನೀರು ಅಲ್ಲೇ ಬರ್ತದಂತ.

ಪೆನ್ನು ಮುಚ್ಚಿದೆ.

'ಎಷ್ಟೊತ್ತಿಗೆ ತುಂಬಿದ್ರಿ ಲಾಲಪ್ಪ?'
'ಮುಂಜಾನಿ ಏಳಕ್ಕ್ರಿ ಮೇಡಂ. ಸುಳ್ಳು ಹೇಳಲ್ಲ.
ನಳದ ಪೈಪು ಕಿತ್ತು ಎಂಟು ತಿಂಗಳಾತು,
ಕೊಡ ಹೊತ್ತು ಎಷ್ಟಂತ ತುಂಬ್ಲಿ?'

ಕರುವನ್ನ ಗ್ವಾಡಿಯ ಕೊಂಡಿಗೆ ಕಟ್ಯಾನ, ಬಿಗಿ.
ಮೊಣಕಾಲು ಮಡಚಿ ಕೂಡಾಕ ಹೋದ್ರ
ಕೊರಳು ಎಳೀತದ, ಮತ್ತ ಏಳ್ತದ.
ಗ್ವಾಡಿ ಆಚೆ ನಮ್ಮೂರಿನ ಗುಡ್ಡ,
ಬುದ್ಧ ಮಲಗ್ಯಾನಂತ ಬಸ್ಸಿನಾಗಿನ ಮಂದಿ ಕೈ ತೋರಿಸ್ತಾರಲ್ಲ, ಅದು;
ಹಣಿ, ಮೂಗು, ಎದಿ, ಪೂರಾ ಚಾಚಿಕೊಂಡು.

ಟೇಪು ಕೊಟ್ಟಿರಲಿಲ್ಲ ತರಬೇತ್ಯಾಗ.
ಕೊರಳಿನ ದಾರ ತೆಗೆದು ಹಗ್ಗದ ಗುಂಟ ಹಿಡಿದೆ:
ದಾರಕ್ಕಿಂತ ನಾಕು ಬೆರಳು ಕಮ್ಮಿ.

'ಹಗ್ಗ ಎಲ್ಲಿ ಕೊಡ್ತಾರ್ರೀ ಆಫೀಸಿನ್ಯಾಗ?
ನಮ್ಮಾಕಿ ಸೀರಿ ಹರದು ಹೊಸದದ್ದು ಇದು.
ಸೆರಗು ಗಟ್ಟಿ ಇತ್ತು, ಅದು ಎಮ್ಮಿಗೆ ಹೋತು.
ಕರುವಿಗೆ ಉಳಿದದ್ದು ಇಷ್ಟೇ.'
ಹೌದು, ಹಗ್ಗದಾಗ ಇನ್ನೂ ಒಂದೆರಡು ಹಳದಿ ಹೂ,
ಹೊಸೆದಲ್ಲಿ ಸೊಟ್ಟಾಗಿ ಅರಳ್ಯಾವ.

ತಪ್ಪಿತಸ್ಥರ ಹೆಸರು ಅಂತ ಒಂದು ಖಾನೆ ಅದ.
ಈಗ ಹೇಳ್ರಿ, ಯಾರದು ಬರೀಲಿ?
ಎರಡು ದಿನ ಕಲಿತದ್ದು ಕೈಯಾಗ ಹಿಡಕೊಂಡು
ಸಗಣಿ ವಾಸನ್ಯಾಗ ನಿಂತೆ,
ಕಾಯ್ದೆಯ ಹಾಳಿಲೇ ನೊಣ ಓಡಿಸಿದೆ.

ಲಾಲಪ್ಪ ನನ್ನ ಕೈಯಾಗಿನ ದಾರ ನೋಡಿದ.
'ಇದು ಎಮ್ಮಿ ತಡಿಯಂಗಿಲ್ರಿ' ಅಂದ.
ಎರಡು ಸಲ ಜಗ್ಗಿ ನೋಡಿ, 'ಕರು ತಡೀತದ.'
ನಾನು ಕಾರ್ಡ್ ಬಿಚ್ಚಿ ಪರ್ಸಿಗೆ ಹಾಕ್ಕೊಂಡೆ.
ಅವ ಕುಡಗೋಲಿಲೇ ದಾರ ಕೊಯ್ದು ಉದ್ದ ಮಾಡಿ
ಹೂವಿನ ಸೀರಿಗೆ ಇಲಾಖೆಯ ನೀಲಿ ಗಂಟು ಹಾಕಿದ.

ಕರು ತಕ್ಷಣ ಮಲಗಲಿಲ್ಲ.
ಗಂಟು ಮೂಸಿತು. ಅರ್ಧ ಸುತ್ತು ತಿರುಗಿತು.
ಮೊದಲು ಮುಂಗಾಲು, ಆಮ್ಯಾಲೆ ಇಡೀ ಮೈ,
ಕಡೀಗೆ ಗದ್ದ ನೆಲಕ್ಕ ಹಚ್ಚಿ ಉಸುರು ಬಿಡ್ತು,
ಧೂಳು ಎದ್ದು ನನ್ನ ಚಪ್ಪಲಿ ಮ್ಯಾಲೆ ಕುಂತಿತು.

ವರದಿಯಾಗ ಬರೆದೆ: ನೀರು ಇಲ್ಲ.
ತಪ್ಪಿತಸ್ಥರು: ನಳದ ಪೈಪು ಕಿತ್ತವರು, ತಿರುಗಿ ಹಾಕದವರು.
ಹಗ್ಗಕ್ಕ ಖಾನೆ ಇರಲಿಲ್ಲ, ಅಂಚಿನಾಗ ಬರೆದೆ:
ಮಲಗಿದಾಗ ಗದ್ದ ನೆಲಕ್ಕ ಮುಟ್ಟಬೇಕು, ಅಷ್ಟು ಉದ್ದ.

ಸೋಮವಾರ ಯಾದಗಿರಿಯಾಗ ಸಭೆ. ಗೇಟಿನ್ಯಾಗ ತಡದ್ರು.
'ಐಡಿ ಎಲ್ಲಿ ಮೇಡಂ? ಕೊರಳಾಗ ಇರಬೇಕು.'
ಕಾರ್ಡ್ ಅದ ತಮ್ಮಾ,
ದಾರ ಡ್ಯೂಟಿ ಮ್ಯಾಲೆ ಅದ.