ಉಳುಕು

ಥಂಡರ್ ಬೇ ಆಸ್ಪತ್ರೆಯ ನೆಲಮಾಳಿಗೆ. ಕಿಟಕಿಯಿಲ್ಲ.
ಹೊರಗೆ ಹಿಮ ಬಿದ್ದದ್ದು ತಿಳಿಯುವುದು
ಬೂಟಿಗಂಟಿ ಬಂದ ರಸ್ತೆಯುಪ್ಪಿನಿಂದ.
ಇಲ್ಲಿ ನಾನು, ಇರ್ಯಾ ರಿಂಟಲಾ, ಎದುರು ಮೇಜಿಗೆ ಡೆಲ್ಮರ್ ಮೀಕಿಸ್,
ಆರು ವರ್ಷದ ತುರ್ತು ವಿಭಾಗದ ಕಡತಗಳನ್ನು
ಒಂದೊಂದಾಗಿ ಓದುತ್ತೇವೆ.
ಹೆಸರು ಅಳಿಸಿದ್ದಾರೆ. ವಿಳಾಸ ಅಳಿಸಿದ್ದಾರೆ.
ಉಳಿದದ್ದು ವಯಸ್ಸು, ಗಳಿಗೆ, ಗಾಯ,
ಮತ್ತೆ ನರ್ಸು ಅವಸರದಲ್ಲಿ ಬಡಿದಿಟ್ಟ ಎರಡು ಸಾಲು.

ಕೆಲಸ ಇಷ್ಟೆ: ಹೀಗೆ ಬಂದವರಿಗೆ
ಬದುಕು ಸಾಕಾಗಿತ್ತೇ?
ಹೌದಾದರೆ ಒಂದು, ಅಲ್ಲವಾದರೆ ಸೊನ್ನೆ.
ನಮ್ಮ ಒಂದು ಸೊನ್ನೆಗಳನ್ನು ನೋಡಿ ಯಂತ್ರ ಕಲಿಯುತ್ತದಂತೆ,
ಆಮೇಲೆ ನಾವು ಬೇಡವಂತೆ.
ಡೆಲ್ಮರ್ ನಗುತ್ತಾನೆ, ಅಕ್ಷರ ಕಲಿಸಿ ಮನೆಯಿಂದ ಹೊರಬಿದ್ದ ಹಾಗೆ.

ಕೋಡುಗಳು ಸುಳ್ಳು ಹೇಳುತ್ತವೆ ಎನ್ನಲಾರೆ. ಅವಕ್ಕೆ ಸಂಕೋಚ.
ಆಕಸ್ಮಿಕ, ಅನಿರ್ಧರಿತ, ಇತರೆ...
ಹೆಂಡತಿ ಕೌಂಟರಿನೆದುರು ನಿಂತು ನೋಡುತ್ತಿರುವಾಗ
ಯಾರು ತಾನೆ ಬೇರೆ ಪದ ಬರೆದಾರು?
ಅಜ್ಜಿ ಬ್ಲೂಬೆರ್ರಿಯೊಳಗಿನ ಎಲೆಚೂರು ಹೆಕ್ಕುತ್ತಿದ್ದಂತೆ
ಹೆಕ್ಕುತ್ತೇನೆ ನಾನೂ;
ಕೆಲವು ಎಲೆಗೆ ಹಣ್ಣಿನದೇ ಬಣ್ಣ.

ನಿನ್ನೆಯದು, ಸಂಖ್ಯೆ ೪೧೧೭.
ಗಂಡಸು, ಐವತ್ತೆಂಟು. ಬೆಳಗಿನ ಜಾವ ಮೂರೂ ನಲವತ್ತು.
ದೂರು: ಎಡಗಾಲು ಉಳುಕು.
ಎಕ್ಸ್‌ರೇ: ಏನೂ ಇಲ್ಲ.
ಕೆಳಗೆ ನರ್ಸಿನ ಸಾಲು:
"ಊತ ಇಲ್ಲ. ನಾಯಿಯನ್ನು ನೆರೆಯವರಿಗೆ ಕೊಟ್ಟೆ ಎಂದರು, ನಾನು ಕೇಳದೆಯೇ.
ಮನೆಗೆ ಹೋಗುವ ಆತುರ ಕಾಣಲಿಲ್ಲ."

ಈವರೆಗೆ ಕಲಿತಷ್ಟರಲ್ಲಿ ಯಂತ್ರ: ಸೊನ್ನೆ.
ನಾನು: ಒಂದು.
ಡೆಲ್ಮರನೂ ಸೊನ್ನೆ. ನಿಯಮದ ಪುಟ ತಿರುವಿ ತೋರಿಸಿದ.
ಬಾಯಿಬಿಟ್ಟು ಹೇಳಿರಬೇಕು, ಹೇಳಿದ್ದನ್ನು ಯಾರಾದರೂ ಬರೆದಿರಬೇಕು.
ನಾಯಿ ಕೊಟ್ಟದ್ದು ಪುರಾವೆಯಲ್ಲ, ಇರ್ಯಾ,
ಜನ ಊರು ಬಿಡುತ್ತಾರೆ, ಜನಕ್ಕೆ ಅಲರ್ಜಿ ಬರುತ್ತದೆ.

ಸರಿಯೇ. ಉಳುಕಿಗೆ ಕೋಡು ಉಂಟು, ಅಳುಕಿಗಿಲ್ಲ.
ಮೈನಸ್ ಮೂವತ್ತರಲ್ಲಿ, ಊದಿಕೊಳ್ಳದ ಕಾಲು ಹೊತ್ತು
ಒಬ್ಬ ಅಷ್ಟು ದೂರ ಗಾಡಿ ಓಡಿಸಿಕೊಂಡು ಬಂದ.
ಏನೋ ಒಂದು ನೋವು ಹೇಳಬೇಕಲ್ಲ ಕೌಂಟರಿನಲ್ಲಿ.
ಕಾಲಿನ ಹೆಸರು ಹೇಳಿದ.

ಮಧ್ಯಾಹ್ನ ಡೆಲ್ಮರ್ ಮೇಲೆ ಊಟಕ್ಕೆ ಹೋಗಲಿಲ್ಲ.
ಸ್ಯಾಂಡ್‌ವಿಚ್ ಬಿಚ್ಚಿ, ತಿನ್ನದೆ, ಕಡತದ ಎರಡನೇ ಪುಟ ತೆಗೆದ;
ಅದನ್ನು ಓದುವುದು ನಮ್ಮ ಕೆಲಸದಲ್ಲಿ ಸೇರಿಲ್ಲ.
"ಆರು ಗಂಟೆ: ಟೋಸ್ಟ್ ಎರಡು ತಿಂದರು.
ಏಳು: ನನ್ನ ಶಿಫ್ಟು ಮುಗಿಯಿತು. ಇನ್ನೂ ಜೊತೆಗೆ ಕೂತಿದ್ದೇನೆ.
ಎಂಟೂ ಹತ್ತು: ಮನೋವೈದ್ಯರು ಬಂದರು.
ನಾಯಿಯ ಹೆಸರು ಪುಲ್ಲಾ."

ಪುಲ್ಲಾ.
ನಮ್ಮ ಫಿನ್ನಿಶ್ ಮನೆಗಳಲ್ಲಿ ಭಾನುವಾರ ಬೇಯುವ ಏಲಕ್ಕಿ ಬ್ರೆಡ್ಡು.
ಮನುಷ್ಯರ ಹೆಸರೆಲ್ಲ ಅಳಿಸಿದವರು
ನಾಯಿಯದನ್ನು ಮರೆತಿದ್ದರು.

ಡೆಲ್ಮರ್ ಸೊನ್ನೆಯನ್ನು ತಿದ್ದಲಿಲ್ಲ.
ಷರಾ ಅಂಕಣದಲ್ಲಿ (ಯಂತ್ರ ಅದನ್ನು ಓದುವುದಿಲ್ಲ)
ಒಂದು ಸಾಲು ಬರೆದ: ನಾಯಿ ಮರಳಿ ಸಿಕ್ಕಿತೇ?

೪೧೧೮: ಮಗು, ನಾಲ್ಕು ವರ್ಷ, ಮೂಗಿನಲ್ಲಿ ಮಣಿ.
ಸೊನ್ನೆ. ಇಬ್ಬರೂ ಒಪ್ಪಿದೆವು.