ಎಂಟು ಬೈ ಹನ್ನೆರಡು

ಬೆಳಿಗ್ಗೆ ಮೊದಲು ಬಂದವನು ಟಗ್ ದೋಣಿಯ ಹಳೇ ಮೆಕ್ಯಾನಿಕ್.
ಮೊಬೈಲಿನಿಂದ ಮೊಬೈಲಿಗೆ ಹಾರಿ ಹಾರಿ
ಸವೆದುಹೋದ ಒಂದು ಚಿತ್ರ;
ಅದು ಗೋಡೆತುಂಬ ಬೇಕಂತೆ, ಎರಡು ಮೀಟರು.
ಹಿಟ್ಟು ಒಂದು ಹಿಡಿ, ರೊಟ್ಟಿ ಊರಗಲ ಎಂದರೆ ಹೇಗಪ್ಪ?
ಕ್ಯಾನ್ವಾಸಿಗೆ ಹಾಕೋಣ ಎಂದೆ.
ಬಟ್ಟೆ ದೊಡ್ಡ ಮನಸ್ಸಿನದು,
ನೇಯ್ಗೆಯ ಸಂದಿನಲ್ಲಿ ಎಷ್ಟೋ ತಪ್ಪು ನುಂಗಿಕೊಳ್ಳುತ್ತದೆ.
ಒಂದು ಮೀಟರಿಗೆ ಒಪ್ಪಿದ.
ಮುಂಗಡ ಕೊಡದೆ ಹೋದ.

ಇಪ್ಪತ್ತೆರಡು ವರ್ಷ ಇದೇ ಕೆಲಸ,
ವಾಲ್ಪರೈಸೊದ ಈ ಏರುಬೀದಿಯಲ್ಲಿ,
ಕಡಲ ಉಪ್ಪು ತಗಡಿನ ಗೋಡೆಗಳನ್ನು
ದಿನಕ್ಕೊಂದು ಚೂರು ಕಡಿದು ತಿನ್ನುವ ಊರಿನಲ್ಲಿ.
ಜನ ಚಿತ್ರ ತರುತ್ತಾರೆ, ನಾನು ಗೋಡೆಯ ಬಗ್ಗೆ ಕೇಳುತ್ತೇನೆ:
ಕಿಟಕಿ ಯಾವ ಕಡೆ? ಒಲೆ ಎಷ್ಟು ದೂರ?
ಚಳಿಗಾಲದ ಮಳೆಗೆ ಸುಣ್ಣ ಉಬ್ಬುತ್ತದೆಯೆ?
ದೀಪದೆದುರು ಮಿರುಗುವ ಕಾಗದ ಬೇಡ,
ಸತ್ತವರ ಮುಖದ ಮೇಲೆ ಬಲ್ಬು ಕುಳಿತುಬಿಡುತ್ತದೆ.
ಜಲವರ್ಣಕ್ಕೆ ಹತ್ತಿಯ ಕಾಗದ, ಬೆರಳಿಗೆ ತರಿತರಿ.
ಬಚ್ಚಲ ಪಕ್ಕಕ್ಕಾದರೆ ಅಲ್ಯುಮಿನಿಯಮ್ ತಗಡು;
ಅದರ ಬೆಲೆಯನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ.

ಮಧ್ಯಾಹ್ನ ಎದುವಿಹಿಸ್ ಓಯಾರ್ಸುನ್ ಬಂದಳು,
ಕಂಕುಳಲ್ಲಿ ಚೌಕಟ್ಟು, ಎದೆಯಲ್ಲಿ ಏದುಸಿರು.
ಭಾನುವಾರದ ಹಳೇ ಸಾಮಾನಿನ ಸಂತೆಯದು,
ಎಂಟು ಬೈ ಹನ್ನೆರಡು, ಅಂಚಿಗೆ ದ್ರಾಕ್ಷಿಬಳ್ಳಿ,
ಚೌಕಾಸಿ ಮಾಡಿ ಗೆದ್ದು ತಂದದ್ದು.
ನೆಗೆಟಿವ್ ಮಾತ್ರ ಚೌಕ.

"ಹಾಕಿಕೊಡು" ಎಂದಳು.
ಎತ್ತರ ಹನ್ನೆರಡಾದರೆ ಅಗಲವೂ ಹನ್ನೆರಡೇ ಅಮ್ಮ,
ನಾಲ್ಕಿಂಚು ಹೋಗಬೇಕು.
ಮರ್ರಕೆತಾ ರೊಟ್ಟಿಗಾದರೆ ಮುರಿಯುವ ಗೆರೆಯನ್ನು
ಬೇಕರಿಯವನೇ ಒತ್ತಿಟ್ಟಿರುತ್ತಾನೆ,
ಇಲ್ಲಿ ನೀವೇ ಎಳೆಯಬೇಕು.
ಇಲ್ಲವೇ ಚಿಕ್ಕದು ಮಾಡಿ, ಮೇಲೆ ಕೆಳಗೆ ಬಿಳಿ ಬಿಡೋಣ,
ಎಲ್ಲರೂ ಉಳಿಯುತ್ತಾರೆ.
"ಖಾಲಿ ಜಾಗಕ್ಕೆ ದುಡ್ಡು ಕೊಡಲೆ?"

ಬಲಕ್ಕೆ ಅಮ್ಮ,
ಆಗತಾನೇ ಇಳಿಸಿದ ಬಟ್ಟೆಬುಟ್ಟಿ, ಅದರೊಳಗೆ ಮೂತಿ ತೂರಿದ ನಾಯಿ.
ಎಡಕ್ಕೆ ಟೋಪಿಯ ಗಂಡಸು.
ನಡುವೆ ಮೆಟ್ಟಿಲ ಮೇಲೆ
ಒಂದೇ ಕಾಲಿಗೆ ಕಾಲುಚೀಲ ಹಾಕಿದ
ಐದು ವರ್ಷದ ಎದುವಿಹಿಸ್.

"ಎಡಗಡೆ ತೆಗಿ."
ಯೋಚಿಸಲಿಲ್ಲ. ಚೌಕಟ್ಟು ಕೊಂಡ ದಿನವೇ
ತೆಗೆದಿದ್ದಳೆಂದು ಕಾಣುತ್ತದೆ.

ಯೆರ್ಕೊ ಪೂರ್ತಿ ಚೌಕವನ್ನೇ ಪ್ರಿಂಟ್ ಹಾಕಿ ತಂದ.
ಉಕ್ಕಿನ ಅಳತೆಪಟ್ಟಿ ಇಟ್ಟೆ. ಆಗ ಕಂಡಿತು:
ಪಟ್ಟಿಯ ಈಚೆ, ಹುಡುಗಿಯ ಹೆಗಲ ಮೇಲೆ,
ನಾಲ್ಕು ಬೆರಳು.
ಮನುಷ್ಯ ಆಚೆ, ಬೆರಳು ಈಚೆ.
ಸರಿಸಿ ನೋಡಿದೆ,
ಬೆರಳು ಹೋದರೆ ಹೆಗಲೂ ಹೋಗುತ್ತದೆ.
ಅಳಿಸಬಹುದು ಎಂದ ಯೆರ್ಕೊ,
ಅಂಗಿಯ ಬಟ್ಟೆಯನ್ನೇ ತಂದು ಮುಚ್ಚಿದರಾಯಿತು, ಹತ್ತು ನಿಮಿಷ.
ಅವನ ವಯಸ್ಸಿಗೆ ಎಲ್ಲವೂ ಹತ್ತು ನಿಮಿಷ.

ಎದುವಿಹಿಸ್ ಕನ್ನಡಕ ತೆಗೆದು
ಮೂಗು ತಾಗುವಷ್ಟು ಬಗ್ಗಿದಳು.
ಕೆಳಗೆ ಬಂದರಿನಲ್ಲಿ ಕ್ರೇನೊಂದು ಕಂಟೇನರ್ ಇಳಿಸಿತು,
ಅಂಗಡಿಯ ಗಾಜು ನಡುಗಿ ಸುಮ್ಮನಾಯಿತು.
"ಉಗುರು ಎಷ್ಟು ಚೊಕ್ಕಟ ಇದೆ ನೋಡು,
ಭಾನುವಾರ ಇರಬೇಕು."
ಆಮೇಲೆ, ಬಹಳ ಹೊತ್ತು ಬಿಟ್ಟು:
"ಇರಲಿ.
ನನ್ನ ಹೆಗಲ ಮೇಲಿರುವಷ್ಟು ನನ್ನದು."

ಮ್ಯಾಟ್ ಕಾಗದ, ಎದುರಿಗೆ ಅಡುಗೆಮನೆಯ ದೀಪವಿದೆಯಂತೆ.
ಹೊಸ ಬ್ಲೇಡು, ಒಂದೇ ಎಳೆತ.
ದ್ರಾಕ್ಷಿಬಳ್ಳಿಯೊಳಗೆ ಅಮ್ಮ, ಮಗಳು, ನಾಯಿ
ಅಳೆದಿಟ್ಟ ಹಾಗೆ ಕೂತರು.
ಚಿಲ್ಲರೆಯಲ್ಲೇ ಎಣಿಸಿ ಕೊಟ್ಟು
ಏರು ಹತ್ತಿಹೋದಳು.

ಉಳಿದ ತುಂಡು, ನಾಲ್ಕಿಂಚು ಅಗಲ,
ಮೇಜಿನ ಮೇಲೆ ತನ್ನಷ್ಟಕ್ಕೆ ಸುರುಳಿ ಸುತ್ತಿಕೊಳ್ಳುತ್ತಿತ್ತು.
ಕೊಡಲೆ ಎಂದು ನಾನು ಕೇಳಲಿಲ್ಲ,
ಬೇಕು ಎಂದು ಅವಳು ಹೇಳಲಿಲ್ಲ.
ಇಂಥ ಚೂರುಗಳ ಬೆನ್ನಿಗೆ
ನಾಳೆಯ ಕೆಲಸ ಬರೆದುಕೊಳ್ಳುವುದು ನನ್ನ ರೂಢಿ.
ಟೋಪಿಯವನನ್ನು ಮಗುಚಿ ಹಾಕಿ,
ಅಂಗೈಯಿಂದ ಒತ್ತಿ ಹಿಡಿದು, ಬರೆದೆ:
ಟಗ್ ದೋಣಿ. ಕ್ಯಾನ್ವಾಸು. ಒಂದು ಮೀಟರು.
ಮುಂಗಡ ಬಂದಿಲ್ಲ.